ತೀರ್ಪು ಕೊಡುವ ಅವಸರ ಬೇಡ ಮಗೂ

ಮಗೂ, ನಾಟಕದ ಆಶಯ ಏನು ಅಂತ ಒಂದು ಪುಟದಲ್ಲಿ ಬರೆದುಕೊಡಬೇಕಂತೆ, ದೊಡ್ಡಮ್ಮಾ ನೀನೇ ಹೇಳು ಎಂದು ಕೇಳಿದ್ದೀಯ. ಕಾಲೇಜಿನ ತಂಡಕ್ಕೆ ವಿಜಯ್ ತೆಂಡೂಲ್ಕರ್ ಅವರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ನಾಟಕವನ್ನು ಆರಿಸಿಕೊಂಡಿದ್ದೀಯ ಎಂದು ತಿಳಿದು ತುಂಬಾ ಸಂತೋಷವಾಯಿತು. ಆ ಪುಟವನ್ನು ನೀನೇ ಬರೆಯಬೇಕು. ಆದರೆ ಬರೆಯುವ ಮೊದಲು, ನೀನು ಆಗಲೇ ಗುರುತು ಹಾಕಿಕೊಂಡಿರುವ ‘ಪುರುಷಪ್ರಧಾನ ವ್ಯವಸ್ಥೆ’, ‘ಸ್ತ್ರೀ ಶೋಷಣೆ’, ‘ಮಧ್ಯಮವರ್ಗದ ಬೂಟಾಟಿಕೆ’ ಎಂಬ ಮಾತುಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡು. ಅವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಾಟಕವನ್ನು ಓದದವರೂ ಬರೆದುಬಿಡಬಹುದಾದ ಮಾತುಗಳು ಅವು, ಅದಕ್ಕೇ ಭಯ. ನಿನ್ನ ನಟರು ಆ ಪುಟವನ್ನು ಓದಿಬಿಟ್ಟರೆ ಮೊದಲ ದಿನದ ತಾಲೀಮಿನಿಂದಲೇ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ತೀರ್ಮಾನಿಸಿಕೊಂಡು ಬರುತ್ತಾರೆ. ಅಲ್ಲಿಗೆ ನಾಟಕ ಕೆಡುತ್ತದೆ.

ಈ ನಾಟಕ ರಂಗಕ್ಕೆ ಬಂದದ್ದು 1967ರಲ್ಲಿ, ಮುಂಬಯಿಯ ರಂಗಾಯನ ತಂಡದಿಂದ. ನಿರ್ದೇಶನ ಅರವಿಂದ ದೇಶಪಾಂಡೆ ಅವರದು, ನಾಟಕದ ಕೇಂದ್ರವಾದ ಲೀಲಾ ಬೇಣಾರೆಯ ಪಾತ್ರ ಸುಲಭಾ ದೇಶಪಾಂಡೆ ಅವರದು. 1971ರಲ್ಲಿ ಸತ್ಯದೇವ ದುಬೆ ಇದನ್ನು ಸಿನಿಮಾ ಮಾಡಿದಾಗಲೂ ಬೇಣಾರೆ ಅವರೇ. ಕನ್ನಡವೂ ಸೇರಿ ದೇಶದ ಹಲವು ಭಾಷೆಗಳ ತಂಡಗಳು ಇದನ್ನು ಆಡಿವೆ. ತೆಂಡೂಲ್ಕರ್ ಹೆಸರು ಹೇಳಿದರೆ ಜನ ತೀರಾ ಕೆರಳುವ ಕಾಲ ಬಂದದ್ದು ಇನ್ನೂ ಐದು ವರ್ಷ ಕಳೆದ ಮೇಲೆ, 1972ರಲ್ಲಿ, ‘ಸಖಾರಾಮ್ ಬೈಂಡರ್’ ಮತ್ತು ‘ಘಾಶೀರಾಮ್ ಕೋತ್ವಾಲ್’ ಒಂದರ ಹಿಂದೆ ಒಂದು ಬಂದಾಗ. ಸಖಾರಾಮನ ಕಥೆಗೆ ಸೆನ್ಸಾರ್ ಮಂಡಳಿ ಅಡ್ಡ ಬಂತು, ನಿರ್ದೇಶಕ ಕಮಲಾಕರ ಸಾರಂಗ್ ನಿಜವಾದ ಕೋರ್ಟಿಗೇ ಹೋಗಬೇಕಾಯಿತು. ಅವುಗಳ ಪಕ್ಕದಲ್ಲಿಟ್ಟರೆ ನಿನ್ನ ನಾಟಕ ಬಹಳ ಸಾಧು ಅನ್ನಿಸುತ್ತದೆ. ಹೊಡೆದಾಟವಿಲ್ಲ, ಬೈಗುಳವಿಲ್ಲ, ಹಾಸಿಗೆಯ ದೃಶ್ಯವಿಲ್ಲ. ಒಂದು ಹಳ್ಳಿಯ ಸಭಾಂಗಣ, ಅಲ್ಲಿ ಸಂಜೆಯ ಪ್ರದರ್ಶನಕ್ಕೆ ಕಾಯುತ್ತಾ ಹೊತ್ತು ಕಳೆಯಲು ಆಟ ಆಡುವ ಏಳೆಂಟು ಜನ, ಇಷ್ಟೇ. ಆದರೂ ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಕೆಣಕುವುದು ಇದೇ.

ಏಕೆ ಅನ್ನುವುದಕ್ಕೆ ಆ ಆಟ ಶುರುವಾಗುವ ಬಗೆಯನ್ನು ಗಮನಿಸು. ಇವರು ಮುಂಬಯಿಯ ಒಂದು ವಠಾರದ ‘ಪ್ರಗತಿಪರ’ ಸಂಘದವರು. ಊರೂರಿಗೆ ಹೋಗಿ ಅಣಕು ನ್ಯಾಯಾಲಯ ನಡೆಸಿ ಜನರಿಗೆ ಕಾನೂನಿನ ತಿಳಿವಳಿಕೆ ಕೊಡುವುದು ಅವರ ಕೆಲಸ. ಆ ರಾತ್ರಿಯ ಆರೋಪಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಆರೋಪ ಅಣ್ವಸ್ತ್ರ ತಯಾರಿಕೆ. ಅಂದರೆ ಸಮುದ್ರದಾಚೆಯ ದೊಡ್ಡ ಅಪರಾಧಿಯನ್ನು ಕಟಕಟೆಗೆ ತರಲು ಹೊರಟ ಜನ. ಸಾಕ್ಷಿಯ ಪಾತ್ರದ ರಾವತೆಗೆ ಹುಷಾರಿಲ್ಲ. ಅವನ ಬದಲಿಗೆ ಆ ಊರಿನ ಹುಡುಗ ಸಾಮಂತನನ್ನು ಹಿಡಿದಿದ್ದಾರೆ. ಅವನು ಕೋರ್ಟು ನೋಡಿದವನಲ್ಲ. ಅವನಿಗೆ ತೋರಿಸಲೆಂದು ಸುಮ್ಮನೆ ಒಂದು ಕೇಸು ನಡೆಸೋಣ ಅನ್ನುತ್ತಾರೆ. ಬೇಣಾರೆ ಮುಖ ತೊಳೆಯಲು ಒಳಗೆ ಹೋಗಿರುವಾಗ, ಅವಳು ಹಾಡಿಕೊಳ್ಳುತ್ತಿರುವುದು ಇವರಿಗೆ ಕೇಳಿಸುತ್ತಿರುವಾಗಲೇ, ಅವಳನ್ನು ಆರೋಪಿ ಮಾಡಬೇಕು ಎಂದು ಗೊತ್ತು ಮಾಡುತ್ತಾರೆ. ಆರೋಪ ಭ್ರೂಣಹತ್ಯೆ. ಅವಳು ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಅವಳ ಬಂಧನವಾಗಿರುತ್ತದೆ.

ಈ ಹೊತ್ತಿಗೆ ಪ್ರೇಕ್ಷಕರು ನಗುತ್ತಿರಬೇಕು. ಇದು ನಾನು ನಿನಗೆ ಹೇಳಲೇಬೇಕಾದ ಮುಖ್ಯ ಮಾತು. ಹವ್ಯಾಸಿ ತಂಡಗಳು ಎಡವುವುದು ಇಲ್ಲೇ. ವಕೀಲ ಸುಖಾತ್ಮೆಯನ್ನು ಮೊದಲ ಪ್ರವೇಶದಿಂದಲೇ ಖಳನಂತೆ ಹುಬ್ಬು ಗಂಟಿಕ್ಕಿಸಿ ನಿಲ್ಲಿಸುತ್ತಾರೆ, ಹಿನ್ನೆಲೆಯಲ್ಲಿ ಗಂಭೀರ ಸಂಗೀತ ಹಾಕುತ್ತಾರೆ. ಆಗ ನೋಡುವವನು ಹಾಯಾಗಿ ಕುಳಿತುಬಿಡುತ್ತಾನೆ: ಅವರು ದುಷ್ಟರು, ನಾನು ಅವರಲ್ಲೊಬ್ಬನಲ್ಲ ಎಂದು. ಮೊದಲ ಅಂಕವನ್ನು ನೀನು ನಿಜವಾದ ಗೆಳೆಯರ ಚೇಷ್ಟೆಯಂತೆ ಆಡಿಸು. ಪವಿತ್ರ ಗ್ರಂಥವಿಲ್ಲವೆಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾರಲ್ಲ, ಅಲ್ಲಿ ಸಭೆ ಬಿದ್ದು ಬಿದ್ದು ನಗಲಿ. ನ್ಯಾಯಾಧೀಶನ ಕುರ್ಚಿಯಲ್ಲಿ ಕುಳಿತ ಕಾಶೀಕರ ಕಿವಿ ಕೆರೆಯುವ ಕಡ್ಡಿ ಹಿಡಿದು ಕಿವಿ ಕೆರೆಯುತ್ತಲೇ ವಿಚಾರಣೆ ನಡೆಸುತ್ತಾನೆ, ಅಲ್ಲೂ ನಗಲಿ. ಮೂರನೆಯ ಅಂಕದಲ್ಲಿ ಅದೇ ಮನುಷ್ಯ, ಅದೇ ಕೈ, ಅದೇ ಕುರ್ಚಿ. ಆದರೆ ನಗಲು ಬಾಯಿ ಬರುವುದಿಲ್ಲ. ತಾನು ಎಲ್ಲಿಯವರೆಗೆ ನಕ್ಕೆ, ಎಲ್ಲಿ ನಿಲ್ಲಿಸಿದೆ ಎಂದು ಪ್ರೇಕ್ಷಕ ಹಿಂದಿರುಗಿ ನೋಡಿಕೊಳ್ಳಬೇಕು. ನಾಟಕದ ಕೆಣಕುವಿಕೆ ಇರುವುದು ಅಲ್ಲಿ. ಅದನ್ನು ಯಾವ ಮಾತಿನಲ್ಲೂ ಹೇಳಿಲ್ಲ, ಪ್ರಯೋಗದಲ್ಲೇ ಆಗಬೇಕು.

ಈ ಜನ ಯಾರು ಎಂದು ಒಬ್ಬೊಬ್ಬರನ್ನೇ ನೋಡು. ಸುಖಾತ್ಮೆ ಕೇಸುಗಳೇ ಇಲ್ಲದ ವಕೀಲ. ಪೋಂಕ್ಷೆ ಇಂಟರ್ ಸೈನ್ಸ್‌ನಲ್ಲಿ ಫೇಲಾಗಿ ಗುಮಾಸ್ತನಾದವನು, ವಿಜ್ಞಾನಿಯ ಗತ್ತು ಮಾತ್ರ ಬಿಟ್ಟಿಲ್ಲ. ಬಾಳು ರೋಕಡೆ ಕಾಶೀಕರ ದಂಪತಿಯ ಅನ್ನದ ಋಣದಲ್ಲಿ ಬೆಳೆದವನು, ಎದುರು ಮಾತಾಡಲಾರ. ಆ ದಂಪತಿಗೆ ಮಕ್ಕಳಿಲ್ಲ. ಇವರೆಲ್ಲರ ಕೊರತೆಗಳು ನಮಗೆ ಗೊತ್ತಾಗುವುದು ಹೇಗೆ? ಉಳಿದವರು ಬರುವ ಮುಂಚೆ ಬೇಣಾರೆಯೇ ಸಾಮಂತನ ಎದುರು ಒಬ್ಬೊಬ್ಬರನ್ನೂ ಅಣಕಿಸಿ ಹೇಳುತ್ತಾಳೆ. ಅವಳು ಮೆತ್ತಗಿನ ಹೆಂಗಸಲ್ಲ. ಚೂಪು ನಾಲಿಗೆ, ತನ್ನ ಸಂಪಾದನೆ, ತನ್ನ ಇಷ್ಟ, ಶಾಲೆಯ ಮಕ್ಕಳೆಂದರೆ ಪ್ರಾಣ. ತಮ್ಮ ಸೋಲನ್ನು ಕಂಡು ನಗಬಲ್ಲವಳು ಇವಳು ಎಂದು ಅವರಿಗೂ ಗೊತ್ತು. ಅಂಥವಳನ್ನು ಕಟಕಟೆಯಲ್ಲಿ ನಿಲ್ಲಿಸುವ ಅವಕಾಶ ಸಿಕ್ಕಾಗ ಜೀವನದಲ್ಲಿ ಒಮ್ಮೆಯೂ ಗೆಲ್ಲದವರು ಹೇಗೆ ಉಬ್ಬಿಹೋಗುತ್ತಾರೆ ನೋಡು. ಕೇಸೇ ಇಲ್ಲದ ವಕೀಲನಿಗೆ ಕೊನೆಗೂ ಒಂದು ಕೇಸು ಸಿಕ್ಕಿದೆ. ಅವನ ಆ ಸಂತೋಷವನ್ನು ನಿನ್ನ ನಟ ಕಂಡುಕೊಂಡರೆ ಸಾಕು, ಕಣ್ಣು ಕೆಂಪಗೆ ಮಾಡುವ ಅಗತ್ಯವೇ ಬೀಳುವುದಿಲ್ಲ.

ನಾನು ಹಿಂದೆ ಒಂದು ಹವ್ಯಾಸಿ ತಂಡದಲ್ಲಿ ಮಿಸೆಸ್ ಕಾಶೀಕರ ಆಗಿದ್ದೆ. ಚಿಕ್ಕ ಪಾತ್ರ ಅಂತ ಯಾರೂ ಅದರ ಕಡೆ ಗಮನ ಕೊಡುವುದಿಲ್ಲ. ನೀನು ಕೊಡು. ಅವಳು ಬಾಯಿ ತೆರೆದಾಗಲೆಲ್ಲ ಗಂಡ ಗದರಿಸಿ ಸುಮ್ಮನಾಗಿಸುತ್ತಾನೆ. ಅವಳು ಹೂವಿನ ದಂಡೆಯನ್ನು ಮುಟ್ಟಿಕೊಳ್ಳುತ್ತಾ ಗಂಡ ಕೊಡಿಸಿದ್ದು ಎಂದು ಎಲ್ಲರ ಎದುರು ಹೇಳಿಕೊಳ್ಳುತ್ತಾಳೆ. ಅಷ್ಟೇ ಅವಳ ಆಸ್ತಿ. ಅದೇ ಹೆಂಗಸು ಕೊನೆಗೆ ಬೇಣಾರೆಯ ರಟ್ಟೆ ಹಿಡಿದು ಕಟಕಟೆಗೆ ಎಳೆದು ತರುವವಳು. ಸಾಕ್ಷಿ ಹೇಳಲು ನಿಂತಾಗ ಅವಳಿಗೆ ಮೊದಲ ಬಾರಿಗೆ ಪೂರ್ತಿ ವಾಕ್ಯ ಮುಗಿಸಲು ಬಿಡುತ್ತಾರೆ. ಇಷ್ಟು ವಯಸ್ಸಾದರೂ ಮದುವೆಯಾಗದೆ, ತನ್ನ ಖರ್ಚು ತಾನೇ ನೋಡಿಕೊಂಡು, ನಗುತ್ತಾ ತಿರುಗುವ ಹೆಣ್ಣಿನ ಮೇಲೆ ಅವಳಿಗಿರುವ ಸಂಕಟ ಬರೀ ದ್ವೇಷವಲ್ಲ ಎಂದು ಆ ಪಾತ್ರ ಮಾಡುವಾಗ ನನ್ನ ಮೈಗೆ ತಿಳಿಯಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಎಂದು ಗೆರೆ ಎಳೆದು ಈ ನಾಟಕವನ್ನು ವಿವರಿಸಲು ಹೋದರೆ ಈ ಹೆಂಗಸು ಆ ಗೆರೆಯ ಮೇಲೇ ನಿಂತಿರುತ್ತಾಳೆ, ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ.

ಇನ್ನು ಸಾಮಂತ. ನಿನ್ನ ವಯಸ್ಸಿನವರಿಗೆ ಈ ಪಾತ್ರವೇ ಎಲ್ಲಕ್ಕಿಂತ ಹತ್ತಿರ ಅಂತ ನನಗನ್ನಿಸುತ್ತದೆ. ಅಣ್ಣನ ಮಗುವಿಗೆಂದು ತಂದ ಹಸಿರು ಬಟ್ಟೆಯ ಗಿಳಿ ಹಿಡಿದುಕೊಂಡು ಬರುವ ಮುಗ್ಧ. ಬೇಣಾರೆಯ ಮೇಲೆ ಅವನಿಗೆ ಗೌರವವೇ. ಸಾಕ್ಷಿ ಹೇಳು ಅಂದಾಗ ಏನು ಹೇಳುವುದೆಂದು ತೋಚದೆ, ಓದಿದ್ದ ಒಂದು ಅಗ್ಗದ ಕಾದಂಬರಿಯಿಂದ ಕಥೆ ಎತ್ತಿಕೊಂಡು ಹೇಳುತ್ತಾನೆ: ಪ್ರೊಫೆಸರ್ ದಾಮಲೆಯ ಕೋಣೆಗೆ ಹೋದೆ, ಬಾಗಿಲು ಮುಚ್ಚಿತ್ತು, ಒಳಗೆ ಒಬ್ಬ ಹೆಂಗಸು ಅಂಗಲಾಚುತ್ತಿದ್ದಳು, ಹೀಗೆ. ಎಲ್ಲ ಕಟ್ಟುಕಥೆ. ಆದರೆ ಅದು ಬೇಣಾರೆಯ ಬದುಕಿನ ನಿಜಕ್ಕೆ ಹೋಗಿ ತಾಕುತ್ತದೆ: ಅವಳು ಸಂಘದ ಸದಸ್ಯನಾದ ಆ ದಾಮಲೆಯಿಂದಲೇ ಗರ್ಭಿಣಿ. ಅವಳ ಮುಖದ ಬಣ್ಣ ಬದಲಾದದ್ದನ್ನು ಉಳಿದವರು ನೋಡುತ್ತಾರೆ. ಬೇಟೆಯ ವಾಸನೆ ಹತ್ತುವುದು ಆಗಲೇ. ಸಾಮಂತ ಯಾವ ಕೆಟ್ಟದ್ದನ್ನೂ ಬಯಸಿದವನಲ್ಲ. ಆಟ ಅಂದರು, ಆಡಿದ. ಫೋನಿನಲ್ಲಿ ಯಾರದೋ ವಿಷಯ ಬಂದರೆ ಏನೂ ಯೋಚಿಸದೆ ಹತ್ತು ಗುಂಪಿಗೆ ಕಳಿಸಿಬಿಡುವ ಒಳ್ಳೆಯ ಹುಡುಗರು ನಮ್ಮ ಮನೆಗಳಲ್ಲೂ ಇದ್ದಾರೆ. ಈ ಪಾತ್ರ ಮಾಡುವವನಿಗೆ ಅಭಿನಯ ಕಮ್ಮಿ ಮಾಡು ಎಂದು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಬಾಗಿಲ ಅಗುಳಿಯ ವಿಷಯ. ಪರದೆ ತೆರೆದಾಗಲೇ ಬೇಣಾರೆಯ ಬೆರಳು ಅದಕ್ಕೆ ಸಿಕ್ಕಿ ನೋವಾಗಿರುತ್ತದೆ, ಅವಳು ಬೆರಳನ್ನು ಚೀಪಿಕೊಳ್ಳುತ್ತಾಳೆ. ಈ ಅಗುಳಿ ಹೀಗೇ, ಸರಿಯಾಗಿ ಸರಿಸದಿದ್ದರೆ ಬಾಗಿಲು ಹಾಕಿದಾಗ ಹೊರಗಿನಿಂದ ಬಿದ್ದುಕೊಳ್ಳುತ್ತದೆ ಎಂದು ಸಾಮಂತ ವಿವರಿಸುತ್ತಾನೆ. ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಮುಂದೆ ಅವಳು ಚೀಲ ಎತ್ತಿಕೊಂಡು ಹೊರಟೇಬಿಡುತ್ತಾಳೆ, ಬಾಗಿಲು ಎಳೆಯುತ್ತಾಳೆ, ತೆರೆಯುವುದಿಲ್ಲ. ಹೊರಗಿನಿಂದ ಯಾರೂ ಬೇಕೆಂದು ಹಾಕಿದ್ದಲ್ಲ. ತಾನಾಗಿ ಬಿದ್ದದ್ದು. ಆ ‘ತಾನಾಗಿ’ ಎಂಬುದನ್ನು ಯೋಚಿಸುತ್ತಾ ಕೂರು. 1879ರಲ್ಲಿ ಇಬ್ಸೆನ್ ತನ್ನ ‘ಗೊಂಬೆಮನೆ’ ನಾಟಕದ ನೋರಾಳನ್ನು ಗಂಡ, ಸಂಸಾರ ಬಿಡಿಸಿ ಬಾಗಿಲು ತೆರೆದು ಹೊರಗೆ ಕಳಿಸಿದ, ಬಾಗಿಲು ಹಾಕಿದ ಸದ್ದಿಗೇ ಯೂರೋಪು ಬೆಚ್ಚಿತು. ತೆಂಡೂಲ್ಕರ್ ಅವರ ಹೆಣ್ಣಿಗೆ ಗಂಡನಿಲ್ಲ, ಸಂಸಾರವಿಲ್ಲ, ಕೈಯಲ್ಲಿ ಸಂಬಳವಿದೆ. ಆದರೂ ಬಾಗಿಲು ತೆರೆಯದು. ನಿಮ್ಮ ರಂಗಸಜ್ಜಿಕೆಯಲ್ಲಿ ಉಳಿದದ್ದೆಲ್ಲ ಸಾಂಕೇತಿಕವಾಗಿದ್ದರೂ ಪರವಾಗಿಲ್ಲ. ಆ ಬಾಗಿಲು ಮಾತ್ರ ಮರದ್ದೇ ಆಗಲಿ, ಅಗುಳಿ ಕಬ್ಬಿಣದ್ದೇ ಆಗಲಿ, ಅದರ ಸದ್ದು ಹಿಂದಿನ ಸಾಲಿಗೂ ಕೇಳಲಿ. ಬೆರಳಿನ ನೋವನ್ನು ನಟಿ ಮರೆಯದಿರಲಿ.

ಕಾನೂನಿನ ಸಂಗತಿಯನ್ನೂ ತಿಳಿದಿರು, ಚರ್ಚೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1967ರಲ್ಲಿ ನಮ್ಮ ದೇಶದಲ್ಲಿ ಗರ್ಭಪಾತ ಅಪರಾಧ. ಭಾರತೀಯ ದಂಡ ಸಂಹಿತೆಯ 312ನೇ ಕಲಮಿನ ಪ್ರಕಾರ, ತಾಯಿಯ ಜೀವ ಉಳಿಸುವುದಕ್ಕಲ್ಲದೆ ಮಾಡಿಸಿಕೊಂಡರೆ ಆ ಹೆಂಗಸಿಗೂ ಶಿಕ್ಷೆ. ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದದ್ದು 1971ರಲ್ಲಿ. ಗರ್ಭನಿರೋಧಕ ವಿಫಲವಾದರೆ ಎಂಬ ಕಾರಣವನ್ನು ಅದೂ ವಿವಾಹಿತೆಗೆ ಮಾತ್ರ ಕೊಟ್ಟಿತ್ತು. ಆ ಮಾತನ್ನು ತಿದ್ದಿ ‘ಯಾವುದೇ ಮಹಿಳೆ’ ಎಂದು ಮಾಡಿದ್ದು 2021ರ ತಿದ್ದುಪಡಿ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದ ಅವಧಿಯಲ್ಲೂ ಅವಿವಾಹಿತೆಯರನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಇದನ್ನು ಹೇಳಿ ಕೆಲವರು ನಾಟಕ ಹಳತಾಯಿತು ಎನ್ನಬಹುದು. ಆಗ ಅವರಿಗೆ ತೀರ್ಪನ್ನು ನೆನಪು ಮಾಡು. ಭ್ರೂಣಹತ್ಯೆಯ ಆರೋಪ ಹೊರಿಸಿ, ತಾಯ್ತನ ಎಷ್ಟು ಪವಿತ್ರ ಎಂದು ಭಾಷಣ ಬಿಗಿದ ಆ ಕೋರ್ಟು ಕೊನೆಗೆ ಕೊಡುವ ಶಿಕ್ಷೆ ಏನು? ಇವಳು ಬದುಕಿರಲಿ, ಹೊಟ್ಟೆಯಲ್ಲಿರುವ ಕೂಸು ಸಾಯಲಿ ಎಂದು. ಅವಳು ಹೆರಬೇಕೆಂದು ಬಯಸಿದ ಮಗು ಅದು. ಹೆತ್ತರೂ ತಪ್ಪು, ಹೆರದಿದ್ದರೂ ತಪ್ಪು ಎಂಬಲ್ಲಿ ಅವಳನ್ನು ನಿಲ್ಲಿಸಿದ ಮೇಲೆ ಇದು ಬರೀ ಗರ್ಭಪಾತದ ಕಾನೂನಿನ ನಾಟಕವಾಗಿ ಉಳಿಯುವುದಿಲ್ಲ.

ಆ ಮಗುವಿನ ತಂದೆ ದಾಮಲೆ ನಾಟಕದಲ್ಲಿ ಒಮ್ಮೆಯೂ ಬರುವುದಿಲ್ಲ. ಸಂಘದ ಸದಸ್ಯ, ವಿದ್ವಾಂಸ, ಸಂಸಾರವಂದಿಗ. ಸಾಕ್ಷಿಗಳ ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ, ಗೈರುಹಾಜರು ಎಂದಾಗುತ್ತದೆ, ವಿಚಾರಣೆ ಮುಂದುವರಿಯುತ್ತದೆ. ಅವನನ್ನು ಆರೋಪಿಯ ಜಾಗದಲ್ಲಿ ಕಲ್ಪಿಸಿಕೊಳ್ಳುವುದು ಅಲ್ಲಿ ಯಾರೊಬ್ಬರಿಗೂ ಹೊಳೆಯುವುದಿಲ್ಲ. ಬೇರೆ ನಾಟಕಗಳನ್ನು ಓದುವಾಗಲೂ ಈ ಅಭ್ಯಾಸ ಇಟ್ಟುಕೋ: ರಂಗದ ಮೇಲೆ ಯಾರು ಬಂದರು ಎಂಬುದರ ಜೊತೆಗೆ ಯಾರನ್ನು ಕರೆಯಲೇ ಇಲ್ಲ ಎಂದೂ ಒಂದು ಪಟ್ಟಿ ಮಾಡು. ದಾಮಲೆಗೆ ಒಂದು ಖಾಲಿ ಕುರ್ಚಿ ಇಟ್ಟು ಅದರ ಮೇಲೆ ಬೆಳಕು ಬಿಡುವ ಆಸೆ ನಿನಗೆ ಬಂದೀತು. ಬೇಡ. ಗೈರುಹಾಜರಿ ಗೈರುಹಾಜರಿಯಾಗಿಯೇ ಇರಲಿ. ಅದನ್ನು ತಾನೇ ಗಮನಿಸಿಕೊಳ್ಳುವ ಪ್ರೇಕ್ಷಕ ಮನೆಗೆ ಹೋದ ಮೇಲೂ ಆ ವಿಷಯ ಬಿಡಲಾರ.

ಎಲ್ಲರೂ ಕಾಯುವುದು ಬೇಣಾರೆಯ ಕೊನೆಯ ಸ್ವಗತಕ್ಕೆ. ನಟಿಯರಿಗೆ ಅದು ಆಸೆ ಹುಟ್ಟಿಸುವ ಭಾಗ, ನಿನ್ನ ಹುಡುಗಿ ಅದನ್ನು ಈಗಾಗಲೇ ಬಾಯಿಪಾಠ ಮಾಡಿರುತ್ತಾಳೆ. ಆದರೆ ಅದರ ಸುತ್ತಲ ರಂಗಸೂಚನೆಯನ್ನು ಎಷ್ಟು ಜನ ಓದುತ್ತಾರೋ ಕಾಣೆ. ಕೋರ್ಟು ಅವಳಿಗೆ ಹೇಳಿಕೆ ಕೊಡಲು ಹತ್ತು ಸೆಕೆಂಡು ಕೊಡುತ್ತದೆ. ಆಮೇಲೆ ಬೆಳಕು ಬದಲಾಗಿ ಎಲ್ಲರೂ ಕಲ್ಲಿನಂತೆ ನಿಲ್ಲುತ್ತಾರೆ, ಅವಳು ದೀರ್ಘವಾಗಿ ಮಾತಾಡುತ್ತಾಳೆ: ಹದಿಹರೆಯದಲ್ಲಿ ಸೋದರಮಾವನನ್ನು ನಂಬಿ ಮೋಸಹೋದದ್ದು, ಮುಂದೆ ದಾಮಲೆಯ ಬುದ್ಧಿಗೆ ಮಾರುಹೋದದ್ದು, ಅವನಿಗೆ ಬೇಕಾದದ್ದು ದೇಹ ಮಾತ್ರ ಎಂದು ತಿಳಿದದ್ದು, ಈ ದೇಹದ ಮೇಲೆ ತನಗಿರುವ ಸಿಟ್ಟು, ಅದೇ ದೇಹದ ಮೇಲಿನ ಪ್ರೀತಿ. ಮುಗಿದ ಮೇಲೆ ಬೆಳಕು ಮೊದಲಿನಂತಾಗುತ್ತದೆ, ಸಮಯ ಮುಗಿಯಿತು ಎನ್ನುತ್ತಾರೆ. ಅಂದರೆ ಅವರ ದಾಖಲೆಯಲ್ಲಿ ಅವಳು ಏನೂ ಹೇಳಿಯೇ ಇಲ್ಲ. ಕೇಳಿಸಿಕೊಂಡವರು ಪ್ರೇಕ್ಷಕರು ಮಾತ್ರ. ಹಾಗಾಗಿ ಆ ಮಾತುಗಳನ್ನು ಸುಖಾತ್ಮೆಯ ಕಡೆಗೋ ಕಾಶೀಕರನ ಕಡೆಗೋ ತಿರುಗಿ ಕೂಗಿ ಹೇಳಿಸಬೇಡ. ಅದು ವಾದವಲ್ಲ, ಅವರಿಗೆ ಉತ್ತರವೂ ಅಲ್ಲ. ಅಳುವನ್ನು ಮೊದಲ ಸಾಲಿನಿಂದಲೇ ಶುರುಮಾಡಿದರೆ ಮುಂದೆ ಹೋಗಲು ಜಾಗವಿರುವುದಿಲ್ಲ, ಇದನ್ನು ಅವಳಿಗೆ ಮೆಲ್ಲಗೆ ಹೇಳು.

ಇಂದಿನ ಹುಡುಗಿಯರು ಒಂದು ಆಕ್ಷೇಪ ಎತ್ತುತ್ತಾರೆ, ನೀನೂ ಎತ್ತಿದ್ದೀಯ. ಅವಳು ಪೋಂಕ್ಷೆಯನ್ನು, ರೋಕಡೆಯನ್ನು ಮದುವೆಯಾಗು ಎಂದು ಯಾಕೆ ಕೇಳಬೇಕಿತ್ತು, ಮಗುವಿಗೆ ಅಪ್ಪನ ಹೆಸರು ಬೇಕೇಬೇಕು ಅಂತ ಯಾಕೆ ಅಂದುಕೊಳ್ಳಬೇಕು, ಇಷ್ಟು ದಿಟ್ಟೆ ಕೊನೆಗೆ ಸೋತು ಕುಸಿಯುವುದೇಕೆ ಎಂದು. ನನಗೂ ಅದು ನೋಯಿಸುತ್ತದೆ. ಆದರೆ ಅದನ್ನು ಸರಿಪಡಿಸಲು ಹೋಗಬೇಡ. ಕೊನೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿ ಮುಷ್ಟಿ ಎತ್ತಿಸಿದ ಪ್ರಯೋಗ ನೋಡಿದ್ದೇನೆ, ಜನ ಚಪ್ಪಾಳೆ ತಟ್ಟಿ ನಿರಾಳವಾಗಿ ಮನೆಗೆ ಹೋದರು. ತೆಂಡೂಲ್ಕರ್ ಬರೆದದ್ದು ನಾವು ಅನುಸರಿಸಬೇಕಾದ ನಾಯಕಿಯನ್ನಲ್ಲ. ಅವಳ ಚೀಲದಲ್ಲಿ ಟಿಕ್-ಟ್ವೆಂಟಿ ಎಂಬ ಕೀಟನಾಶಕದ ಶೀಶೆ ಇದ್ದುದನ್ನು ಪೋಂಕ್ಷೆ ಸಾಕ್ಷಿಯಲ್ಲಿ ಹೇಳುತ್ತಾನೆ. ಕೊನೆಗೆ ಅವಳು ಬದುಕುತ್ತಾಳೋ ಇಲ್ಲವೋ ನಾಟಕ ಹೇಳುವುದಿಲ್ಲ. ಉಳಿದವರು ಆಟ ಮುಗಿಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳಿ ರಾತ್ರಿಯ ಪ್ರದರ್ಶನಕ್ಕೆ ತಯಾರಾಗುತ್ತಾರೆ. ಅಧ್ಯಕ್ಷ ಜಾನ್ಸನ್‌ನ ವಿಚಾರಣೆ ಇನ್ನೂ ಬಾಕಿ ಇದೆಯಲ್ಲ. ಇದನ್ನೆಲ್ಲ ಬಿಡಿಸಿ ಕೈಗೆ ಕೊಡದೆ ಹಾಗೇ ಬಿಡಲು ಧೈರ್ಯ ಬೇಕು. ನಿನಗೆ ಆ ಧೈರ್ಯ ಇದೆ ಎಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಪ್ರದರ್ಶನದ ನಂತರದ ಸಂವಾದದಲ್ಲಿ ಯಾರಾದರೂ ಹಿರಿಯರು ಎದ್ದು, ಇಂಥದ್ದೆಲ್ಲ ಮಕ್ಕಳ ಕೈಲಿ ಆಡಿಸಬೇಕಾ ಎಂದು ಗದರಿಯೇ ಗದರುತ್ತಾರೆ. ವಾದಕ್ಕೆ ಇಳಿಯಬೇಡ, ತಲೆಯನ್ನೂ ತಗ್ಗಿಸಬೇಡ. ನಾಟಕದಲ್ಲಿ ಯಾವ ಜಾಗಕ್ಕೆ ತಮಗೆ ಬೇಸರ ಶುರುವಾಯಿತು, ಅದಕ್ಕಿಂತ ಮುಂಚೆ ಯಾವ ಜಾಗದಲ್ಲಿ ನಗು ಬಂತು ಎಂದು ವಿನಯದಿಂದ ಕೇಳು. ಅವರು ನಿಜ ಹೇಳಿದರೆ ನಿನ್ನ ಒಂದು ಪುಟಕ್ಕಿಂತ ದೊಡ್ಡ ವ್ಯಾಖ್ಯಾನ ಅಲ್ಲೇ ಸಿಗುತ್ತದೆ.

ಇನ್ನೊಂದು ಕೆಲಸ ಮಾಡು. ಪಾತ್ರ ಹಂಚುವ ಮೊದಲು ಒಂದು ವಾರ ಎಲ್ಲರೂ ಸುತ್ತ ಕುಳಿತು ನಾಟಕ ಓದಿ, ದಿನಕ್ಕೊಬ್ಬರಂತೆ ಬೇಣಾರೆಯ ಮಾತು ಓದಲಿ, ಹುಡುಗರೂ ಓದಲಿ. ಹಾಗೆಯೇ ಸುಖಾತ್ಮೆಯ ಪಾಟೀಸವಾಲನ್ನು ಹುಡುಗಿಯರು ಓದಲಿ. ಯಾರಿಗೆ ಪಾಟೀಸವಾಲಿನಲ್ಲಿ ಖುಷಿ ಬಂತು ಎಂದು ನೀನು ಗಮನಿಸಿ ಬರೆದುಕೋ, ಅವರಿಗೆ ಹೇಳಲು ಹೋಗಬೇಡ. ಆಶಯದ ಪುಟವನ್ನು ಆ ವಾರ ಮುಗಿದ ಮೇಲೆ ಬರೆ. ಕರಪತ್ರದಲ್ಲಿ ಅದನ್ನು ಅಚ್ಚು ಹಾಕಿಸಬೇಡ. ನಾಟಕದ ಹೆಸರು, ಬರೆದವರ ಮತ್ತು ಅನುವಾದಿಸಿದವರ ಹೆಸರು, ಆಡುವವರ ಹೆಸರು, ವೇಳೆ, ಜಾಗ, ಇಷ್ಟಿದ್ದರೆ ಸಾಕು. ತಾರೀಖು ಗೊತ್ತಾದ ಕೂಡಲೇ ತಿಳಿಸು, ನಾನು ಬಂದೇ ಬರುತ್ತೇನೆ.